ಸಿಂಬಿಯಿಲ್ಲದ ಹೆಗಲು

ಹೆಂಗಸೊಬ್ಬಳು ಸಿಳ್ಳೆ ಹಾಕುವುದನ್ನು ನಾನು ಮೊದಲು ಕೇಳಿದ್ದು ನಮ್ಮ ನರ್ಸಮ್ಮನ ಬಾಯಲ್ಲಿ. ಅವರ ಸಿಳ್ಳೆಯಲ್ಲಿ ರಾಗ ತಾಳ ಏನೂ ಇರಲಿಲ್ಲ. ಬೇವಿನ ಮರದ ಹತ್ತಿರ ಬಂದ ಕೂಡಲೇ ಒಂದು ಉದ್ದನೆಯ ಸಿಳ್ಳೆ, ಮೆಟ್ಟಿಲು ಹತ್ತುವಾಗ ಒಂದು ಚಿಕ್ಕದು. ಅಷ್ಟು ಹೊತ್ತಿಗೆ ಒಳಗಿದ್ದ ಮುದುಕರು ಬೀಡಿ ಆರಿಸಿ ದಿಂಬಿನಡಿ ಇಟ್ಟಿರುತ್ತಿದ್ದರು, ಮುದುಕಿಯರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಯ ಮೂಲೆಗೆ ಒತ್ತಿಕೊಂಡಿರುತ್ತಿದ್ದರು.

ಅದು ಮತ್ತಿಗಿರಿಯ ಆಚೆ, ಕೆರೆಯ ಏರಿಗೆ ಹತ್ತಿರ ಇದ್ದ ಉದ್ದನೆಯ ಹೆಂಚಿನ ಮನೆ. ನೋಡಿಕೊಳ್ಳುವವರಿಲ್ಲದ ವಯಸ್ಸಾದವರಿಗೆಂದು ಒಬ್ಬ ವ್ಯಾಪಾರಿ ಕಟ್ಟಿಸಿದ್ದರು. ಊಟ, ಔಷಧಿ, ಮಲಗಲು ಮಂಚ ಎಲ್ಲ ಧರ್ಮಕ್ಕೆ. ಸುತ್ತಲಿನ ಜನ ಅದನ್ನು ಮುದುಕರ ಛತ್ರ ಎನ್ನುತ್ತಿದ್ದರು. ಆಗ ಯುದ್ಧ ನಡೆಯುತ್ತಿತ್ತು. ನನ್ನ ಗಂಡ ಪಟಾಲಮ್ಮಿಗೆ ಸೇರಿ ಸಮುದ್ರದಾಚೆ ಎಲ್ಲೋ ಇದ್ದರು. ನಾನು ಅವಲಪಲ್ಲಿಯಲ್ಲಿ ಅತ್ತೆಯ ಜೊತೆ ಇದ್ದುಕೊಂಡು, ದಿನವೂ ನಡೆದು ಬಂದು, ಆ ಛತ್ರದಲ್ಲಿ ಆಯಾ ಕೆಲಸ ಮಾಡುತ್ತಿದ್ದೆ. ಮುದುಕಿಯರಿಗೆ ಸ್ನಾನ ಮಾಡಿಸುವುದು, ಬಟ್ಟೆ ಒಗೆಯುವುದು, ತಲೆ ಬಾಚುವುದು ನನ್ನ ಕೆಲಸ.

ಛತ್ರದ ಮ್ಯಾನೇಜರು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಶಿಸ್ತಿನ ಮನುಷ್ಯ. ಅವರಿಗೆ ಈ ಸಿಳ್ಳೆ ಕೇಳಿದರೆ ಮೈ ಉರಿಯುತ್ತಿತ್ತು.

"ಸಿಸ್ಟರ್, ಇದು ಮರ್ಯಾದಸ್ಥರ ಜಾಗ," ಎಂದು ಒಂದು ದಿನ ಹೇಳಿಯೇಬಿಟ್ಟರು.

"ಅದಕ್ಕೇ ಸಾರ್," ಎಂದರು ನರ್ಸಮ್ಮ. "ಮರ್ಯಾದಸ್ಥರ ಮನೆಗೆ ಬಾಗ್ಲು ತಟ್ದೆ ಹೋಗ್ತಾರಾ? ಇವ್ರ ಹಾಲಿಗೆ ಬಾಗ್ಲೇ ಇಲ್ಲ. ಎಲ್ಲಿ ತಟ್ಲಿ, ನೀವೇ ಹೇಳಿ."

ಮ್ಯಾನೇಜರು ಹಾಲಿನ ಕಡೆ ನೋಡಿದರು. ನಿಜವಾಗಿಯೂ ಬಾಗಿಲಿರಲಿಲ್ಲ. ಗಂಡಸರ ಭಾಗಕ್ಕೂ ಹೆಂಗಸರ ಭಾಗಕ್ಕೂ ನಡುವೆ ಗೋಣಿ ಪರದೆ ಕಟ್ಟಿತ್ತು, ಅಷ್ಟೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ.

ನರ್ಸಮ್ಮನ ಮನೆ ಮಾತು ಯಾವುದೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಬೈಯುವುದು ಕನ್ನಡದಲ್ಲಿ, ಗುಳಿಗೆ ಎಣಿಸುವುದು ತಮಿಳಿನಲ್ಲಿ, ಕಾಲು ಎಡವಿದರೆ ದೇವರನ್ನು ಕರೆಯುವುದು ತೆಲುಗಿನಲ್ಲಿ. ಒಂದು ಸಲ ಕೇಳಿದ್ದಕ್ಕೆ, "ನಿದ್ದೇಲಿ ಯಾವ್ದು ಮಾತಾಡ್ತೀನೋ ಅದು. ಆದ್ರೆ ಆಗ ನಂಗೆ ಕೇಳ್ಸಲ್ವಲ್ಲೇ," ಎಂದು ನಕ್ಕುಬಿಟ್ಟರು. ದಪ್ಪ ದೇಹ, ಚಿಕ್ಕ ಪಾದ, ನಡೆದರೆ ಬಾತುಕೋಳಿ ಅವಸರದಲ್ಲಿ ಹೋದ ಹಾಗೆ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರೋಗಿಯನ್ನು ಮುಟ್ಟುವ ಮೊದಲು ಎರಡು ಅಂಗೈಗಳನ್ನೂ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಹಾಸ್ಯ ಹೇಳಲು ಹೊರಟರೆ ಮುಗಿಯುವ ಮೊದಲೇ ತಾವು ನಗಲು ಶುರು ಮಾಡುತ್ತಿದ್ದರು. ಕೇಳುವವರಿಗೆ ಹಾಸ್ಯ ಏನೆಂದು ಗೊತ್ತಾಗುತ್ತಿರಲಿಲ್ಲ, ಆದರೂ ಎಲ್ಲರೂ ನಗುತ್ತಿದ್ದರು.

ಅವರದು ಇನ್ನೊಂದು ಅಭ್ಯಾಸ. ಯಾವುದನ್ನೂ ತಮ್ಮ ಮೇಲೆ ಮೊದಲು ಪ್ರಯೋಗ ಮಾಡಿ ನೋಡದೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಹೊಸ ಮಂಚ ಬಂದರೆ ತಾವು ಮಲಗಿ ಹೊರಳಾಡಿ ನೋಡುವರು. ಕಹಿ ಕಷಾಯವಾದರೆ ತಾವು ಒಂದು ಗುಟುಕು. ತಿಮ್ಮರಾಯಜ್ಜ ಎಂಬ ಮುದುಕ ಹರಳೆಣ್ಣೆ ಕುಡಿಯುವುದಿಲ್ಲ ಎಂದು ಹಟ ಹಿಡಿದಾಗ, "ನೀವು ಒಂದ್ ಲೋಟ, ನಾನೊಂದ್ ಲೋಟ. ಯಾರು ಮೊದ್ಲು ಮುಗುಸ್ತಾರೋ ನೋಡಾನ," ಎಂದು ಪಂದ್ಯ ಕಟ್ಟಿದರು. ನರ್ಸಮ್ಮನೇ ಗೆದ್ದರು. ಆ ದಿನವೆಲ್ಲ ಛತ್ರದ ಹಿತ್ತಿಲ ದಾರಿಯಲ್ಲಿ ಅವರೂ ತಿಮ್ಮರಾಯಜ್ಜನೂ ಒಬ್ಬರಿಗೊಬ್ಬರು ಎದುರಾಗುತ್ತಲೇ ಇದ್ದರು.

ನನ್ನ ಬದುಕಿನಲ್ಲಿ ಅವರು ಉಳಿದದ್ದು ಮಾತ್ರ ಒಂದು ಗಾಯದ ವಿಚಾರಣೆಯಿಂದ.

ಗುಮ್ಮಳಾಪುರದ ಮುನಿಯಮ್ಮಜ್ಜಿಗೆ ಕಾಲು ಹೋಗಿತ್ತು. ಕೂತಲ್ಲೇ ಕೂತಿರುತ್ತಿದ್ದಳು. ಬಾಯಿ ಮಾತ್ರ ಎಲ್ಲರಿಗಿಂತ ಚುರುಕು. ಅವಳ ಚರ್ಮ ಈರುಳ್ಳಿಯ ಮೇಲಿನ ಸಿಪ್ಪೆಯ ಹಾಗೆ ತೆಳ್ಳಗೆ. ಒಂದು ದಿನ ಸ್ನಾನಕ್ಕೆ ಕೂರಿಸಿದಾಗ ನೋಡುತ್ತೇನೆ, ಮೊಣಕೈಯಿಂದ ಕೆಳಗೆ ಎರಡೂ ಕೈಗಳು ಕೆಂಪಗೆ ಉಜ್ಜಿಹೋಗಿ, ಅಲ್ಲಲ್ಲಿ ರಕ್ತ ಜಿನುಗಿ ಒಣಗಿತ್ತು. "ಏನಜ್ಜಿ ಇದು?" ಎಂದರೆ, "ಸೊಳ್ಳೆ ಕಣವ್ವ," ಎಂದಳು. ಅದೇ ವಾರ ಗಂಡಸರ ಕಡೆ ತಿಮ್ಮರಾಯಜ್ಜನ ಹೆಗಲು ನೀಲಿಗಟ್ಟಿರುವುದು ಕಂಡಿತು. ಆಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ಇನ್ನೂ ಮೂವರದು. ಅಜ್ಜಿಯ ಕೈ ಸ್ವಲ್ಪ ಮಾಗುವಷ್ಟರಲ್ಲಿ ಮತ್ತೆ ಹಸಿಯಾಗುತ್ತಿತ್ತು.

ವಿಷಯ ಮ್ಯಾನೇಜರ ಕಿವಿಗೆ ಬಿತ್ತು. ಅವರು ಬಂದು ಅಜ್ಜಿಯ ಕೈ ನೋಡಿದರು, ಬಚ್ಚಲಲ್ಲಿ ನೇತುಹಾಕಿದ್ದ ತೆಂಗಿನ ನಾರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಏನಮ್ಮ, ಮನುಷ್ಯರನ್ನ ಉಜ್ಜುತೀಯೋ, ಪಾತ್ರೆ ಉಜ್ಜುತೀಯೋ?"

ಅವತ್ತಿನಿಂದ ನಾನು ನಾರು ಬಿಟ್ಟು ಹಳೆ ಪಂಚೆಯ ತುಂಡಿನಲ್ಲಿ ಉಜ್ಜಿದೆ. ಆದರೂ ಗಾಯ ನಿಲ್ಲಲಿಲ್ಲ. ಮ್ಯಾನೇಜರು ಕೆಟ್ಟವರಲ್ಲ. ದುಡ್ಡು ಕೊಡುವ ದೊಡ್ಡವರ ಕಣ್ಣಿಗೆ ಇದು ಬಿದ್ದರೆ ಛತ್ರವನ್ನೇ ಮುಚ್ಚಿಸುತ್ತಾರೆ ಎಂಬ ಹೆದರಿಕೆ ಅವರಿಗೆ. "ಶುಕ್ರವಾರ ಧರ್ಮದರ್ಶಿಗಳು ಬರ್ತಾರೆ. ಅಷ್ಟರಲ್ಲಿ ಬೇರೆ ಕಾರಣ ಸಿಗದೇ ಇದ್ರೆ ನಿನ್ನ ಇಟ್ಕೊಳ್ಳೋಕೆ ಆಗಲ್ಲಮ್ಮ," ಎಂದರು. ಕೆಲಸ ಹೋದರೆ ಕೂಲಿಗೆ ಹೋಗಬಹುದಿತ್ತು. ಆದರೆ ಮುದುಕಿಯರ ಮೈ ಸುಲಿದವಳು ಎಂಬ ಹೆಸರು ಹೊತ್ತು ಅವಲಪಲ್ಲಿಯ ಬಾವಿಕಟ್ಟೆಗೆ ಹೇಗೆ ಹೋಗಲಿ? ಯುದ್ಧದಿಂದ ಮನೆಗೆ ಬಂದ ನನ್ನವರಿಗೆ ಊರವರು ಮೊದಲು ಹೇಳುವ ಸುದ್ದಿಯೇ ಅದಾದರೆ?

ನರ್ಸಮ್ಮನ ಹತ್ತಿರ ಹೋಗಿ ಅತ್ತೆ. "ನೀನಲ್ಲ ಬಿಡು," ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ. ಬಚ್ಚಲಿಗೆ ಬಂದು, ಮಣೆಯ ಮೇಲೆ ಕೂತು, ತೋಳು ಚಾಚಿದರು.

"ಎಲ್ಲಿ, ಅಜ್ಜಿಗೆ ಉಜ್ಜಿದ್ ಹಂಗೇ ನಂಗೂ ಉಜ್ಜು. ನಾರಲ್ಲೇ. ನರ್ಸಮ್ಮ ಅಂತ ಮೆತ್ತಗೆ ಮಾಡ್ಬೇಡ."

ನಾನು ಅಳುತ್ತಲೇ ಉಜ್ಜಿದೆ. ಅವರು ಕಣ್ಣು ಮುಚ್ಚಿಕೊಂಡು, "ಆಹಾ, ದಿನಾ ಹಿಂಗೆ ಮಾಡ್ಸೋರು ಯಾರಾದ್ರೂ ಇದ್ದಿದ್ರೆ ನಾನೂ ಈ ಛತ್ರಕ್ಕೇ ಸೇರ್ಕೋತಿದ್ದೆ," ಎಂದರು. ಕೈ ಕೆಂಪಾಯಿತು. ಕಾಫಿ ಕುಡಿಯುವ ಹೊತ್ತಿಗೆ ಕೆಂಪು ಇಳಿದುಹೋಯಿತು. ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇದಲ್ಲ," ಎಂದರು. ಆ ಒಂದು ಮಾತು ನನಗೆ ಊಟ ಹಾಕಿದ ಹಾಗಾಯಿತು.

ಆಮೇಲೆ ಗಂಡಸರ ಕಡೆ ಹೋಗಿ ತಿಮ್ಮರಾಯಜ್ಜನ ಮಂಚದ ಮೇಲೆ ಕೂತರು.

"ಹೆಗ್ಲಿಗೆ ಏನಾಯ್ತಜ್ಜ?"

"ವಯಸ್ಸಾದ್ ಮ್ಯಾಕೆ ಹೆಗ್ಲು ತಂತಾನೇ ನೀಲಿ ಆಯ್ತದೆ ಕಣಮ್ಮ."

"ನಾಲ್ಕು ಜನಕ್ಕೂ ಒಟ್ಟಿಗೇನಾ?"

"ಒಂದೇ ಊಟ ಅಲ್ವರಾ ನಮಗೆಲ್ಲ," ಎಂದ ಮುದುಕ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ನಾಲ್ವರನ್ನೂ ಸಾಲಾಗಿ ಕೂರಿಸಿ ಎಣ್ಣೆ ಹಚ್ಚಿದರು. ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಇಬ್ರಿಗೆ ಬಲಗಡೆ, ಇಬ್ರಿಗೆ ಎಡಗಡೆ. ಹೊಡೆಯೋರು ಹಿಂಗೆ ಪಾಲು ಮಾಡಿ ಹೊಡೀತಾರೇನೇ? ಇದು ಏನೋ ಹೊತ್ತಿರೋ ಗುರುತು. ಇಲ್ಲಿ ಹೊರುವಂಥಾದ್ದು ಏನೈತೆ?"

ಆಗ ನನಗೆ ನೆನಪಾಯಿತು. ಹಿತ್ತಿಲಲ್ಲಿ ಎರಡು ಕವೆಗಳ ಮೇಲೆ ಬಟ್ಟೆ ಒಣಗಿಸುವ ಉದ್ದನೆಯ ಬಿದಿರಿನ ಗಳ ಇತ್ತು. ಬೆಳಿಗ್ಗೆ ಅದರ ಬುಡ ಬಾವಿಯ ಕಡೆ ಇಟ್ಟು ಬಟ್ಟೆ ಹರವಿದರೆ, ಸಂಜೆ ಅದರ ತುದಿ ಬಾವಿಯ ಕಡೆ ಇರುತ್ತಿತ್ತು, ಬಟ್ಟೆ ಬೇಲಿಯ ಮೇಲೆ ಇರುತ್ತಿತ್ತು. ಗಾಳಿ ಎಂದುಕೊಂಡಿದ್ದೆ. ಅದನ್ನು ಹೇಳಿದೆ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಕಾಲು ಊದುತ್ತದೆ ಎಂದು ಡಾಕ್ಟರು ಮುನಿಯಮ್ಮಜ್ಜಿಗೆ ಉಪ್ಪು ಬಿಡಿಸಿದ್ದರು. ಆದರೂ ಅವಳ ಸೀರೆ ಒಗೆಯುವಾಗ ಸೆರಗಿನ ಗಂಟಿನಲ್ಲಿ ಕಲ್ಲುಪ್ಪು ಸಿಗುತ್ತಿತ್ತು. ಪಕ್ಕದವರು ತಮ್ಮ ಎಲೆಯ ತುದಿಯ ಉಪ್ಪನ್ನು ಅವಳಿಗೆ ದಾಟಿಸುತ್ತಿದ್ದರು.

"ತಿಂತಾಳಾ?"

"ಇಲ್ಲಕ್ಕ. ಗಂಟು ಹಾಕ್ಕೋತಾಳೆ."

ನರ್ಸಮ್ಮ ಸಿಳ್ಳೆ ಹಾಕುವ ಹಾಗೆ ತುಟಿ ಮುಂದೆ ಮಾಡಿ, ಹಿತ್ತಿಲ ಬೇಲಿಯ ಕಡೆ ತಿರುಗಿದರು.

ಮರುದಿನ ಮಧ್ಯಾಹ್ನ ಊಟವಾಯಿತು. ಮ್ಯಾನೇಜರು ಆಫೀಸಿನ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಅಡಿಗೆಯವನು ಗೊರಕೆ ಹೊಡೆಯುತ್ತಿದ್ದ. ನಾವಿಬ್ಬರೂ ಹೊಸೂರಿಗೆ ಹೋಗಿ ಬರುತ್ತೇವೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಟು, ಸುತ್ತು ಹಾಕಿಕೊಂಡು ಕೆರೆ ಏರಿಯ ಹೊಂಗೆ ಮರದ ಹಿಂದೆ ನಿಂತೆವು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬೇಲಿಯ ಸಂದಿಯಿಂದ ನನ್ನ ಬಟ್ಟೆ ಒಣಗಿಸುವ ಗಳ ಹೊರಗೆ ಬಂತು. ಅದರ ಹಿಂದೆ ತಿಮ್ಮರಾಯಜ್ಜ ಬಂದ. ಮುಂದೆ ಇಬ್ಬರು, ಹಿಂದೆ ಇಬ್ಬರು, ಬರಿ ಹೆಗಲ ಮೇಲೆ ಗಳ. ನಡುವೆ ಕಂಬಳಿ ಕಟ್ಟಿ ಮಾಡಿದ ಜೋಲಿ. ಜೋಲಿಯೊಳಗೆ ಮುನಿಯಮ್ಮಜ್ಜಿ, ತಲೆಯಲ್ಲಿ ಕನಕಾಂಬರ ಮುಡಿದು, ಒಂದು ಕೈಯಲ್ಲಿ ಗಳ ಹಿಡಿದು ರಾಣಿಯ ಹಾಗೆ ಕೂತಿದ್ದಾಳೆ.

ತಿಮ್ಮರಾಯಜ್ಜ ತನ್ನೂರಿನ ದೇವಿಯ ಪಲ್ಲಕ್ಕಿಯನ್ನು ಮೀಸೆ ಬಂದಾಗಿನಿಂದ ಸೊಂಟ ಬಗ್ಗುವವರೆಗೂ ಹೊತ್ತವನು. ಪಲ್ಲಕ್ಕಿ ಹೊರುವವರು ನೆಟ್ಟಗೆ ನಡೆಯುವುದಿಲ್ಲ. ಮುಂದೆ ಎರಡು ಹೆಜ್ಜೆ, ಹಿಂದೆ ಒಂದು, ಒಂದು ಸಲ ಎಡಕ್ಕೆ ಓಲು, ಒಂದು ಸಲ ಬಲಕ್ಕೆ. ಅವನು ಅದೇ ಹೆಜ್ಜೆ ಹಾಕಿಸುತ್ತಿದ್ದ.

"ಲೋ ತಿಮ್ಮರಾಯ, ಕುಣ್ಸ್‌ಬ್ಯಾಡ ಕಣ್ಲಾ! ಉಂಡಿದ್ದೆಲ್ಲ ಮ್ಯಾಕ್ ಬತ್ತದೆ!"

"ಸುಮ್ಕಿರು. ದ್ಯಾವ್ರು ಎಲ್ಲಾದ್ರೂ ಮಾತಾಡ್ತದಾ?"

ನರ್ಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಮರ ಹಿಡಿದು ನಗುತ್ತಿದ್ದರು. ಬಚ್ಚಿಟ್ಟುಕೊಂಡು ಇನ್ನೂ ನೋಡಬಹುದಿತ್ತು. ಅದು ಅವರಿಗೆ ಆಗದ ಕೆಲಸ. ನಗು ಒರೆಸಿಕೊಂಡು, ಬೇವಿನ ಮರದ ಹತ್ತಿರ ಹಾಕುವ ಅದೇ ಉದ್ದನೆಯ ಸಿಳ್ಳೆ ಹಾಕಿದರು. ಗಳ ಗಕ್ಕನೆ ನಿಂತಿತು.

"ನಿಂತ್ಕಬ್ಯಾಡ್ರಲಾ, ನಿಂತ್ರೆ ಹೆಗ್ಲು ನೋಯ್ತದೆ," ಎಂದ ತಿಮ್ಮರಾಯಜ್ಜ. "ನರ್ಸಮ್ಮ ಕಣ್ರಲಾ. ಸಿಳ್ಳೆ ಹಾಕ್ಯವಳೆ ಅಂದ್ ಮ್ಯಾಕೆ ಬೈಯಾಕಿಲ್ಲ. ನಡೀರಿ."

ಏರಿಯ ಕೆಳಗೆ ಒಂದು ಕೆಂದ ಹಸು ಮೇಯುತ್ತಿತ್ತು. ಛತ್ರಕ್ಕೆ ಸೇರುವಾಗ ಅಜ್ಜಿ ತನ್ನ ತಮ್ಮನ ಮಗನಿಗೆ ಬಿಟ್ಟುಕೊಟ್ಟಿದ್ದ ಹಸು, ಹೆಸರು ಕೆಂಪಿ. ಕರು ಹಾಕುವಾಗ ಅದರ ತಾಯಿ ಸತ್ತು, ಅಜ್ಜಿಯೇ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದ್ದಂತೆ. ಅಜ್ಜಿ "ಕೆಂಪೀ" ಎಂದಳೋ ಇಲ್ಲವೋ, ಹಸು ಹುಲ್ಲು ಬಿಟ್ಟು ತಲೆಯಾಡಿಸುತ್ತಾ ಓಡಿಬಂತು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಕಲ್ಲುಪ್ಪನ್ನು ತನ್ನ ಎರಡೂ ತೋಳುಗಳ ಮೇಲೆ ಸವರಿಕೊಂಡು ಚಾಚಿದಳು. ಕೆಂಪಿ ನೆಕ್ಕಿತು. ಉಪ್ಪು ಮುಗಿದ ಮೇಲೂ ನೆಕ್ಕಿತು. ಹಸುವಿನ ನಾಲಿಗೆ ಎಂದರೆ ಮರ ಉಜ್ಜುವ ಉಪ್ಪುಕಾಗದ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು, ಕಣ್ಣು ಮುಚ್ಚಿ, "ಮೆಲ್ಲಗೆ ಕಣವ್ವ, ಮೆಲ್ಲಗೆ, ಎಲ್ಲೂ ಹೋಗಾಕಿಲ್ಲ ನಾನು," ಎನ್ನುತ್ತಿದ್ದಳು.

ನನಗೆ ಅದನ್ನು ನೋಡಿ ನಗು ಬರಬೇಕಿತ್ತು. ಅಳು ಬಂತು. "ನಿಮಗೆಲ್ಲ ಚೆನ್ನಾಗೈತೆ ಅಜ್ಜಿ," ಎಂದೆ. "ನಾನು ನಿನ್ ಮೈ ಸುಲಿದೆ ಅಂತ ಶುಕ್ರವಾರ ನನ್ನ ಕೆಲ್ಸದಿಂದ ತೆಗೀತಾವ್ರೆ."

ಅಜ್ಜಿ ಕಣ್ಣು ಬಿಟ್ಟಳು. "ನಿನ್ನಾ? ನೀನೇನ್ ಮಾಡ್ದವ್ವಾ? ಯಾವನ್ ಅಂದೋನು?"

ಅವರಿಗೆ ಗೊತ್ತೇ ಇರಲಿಲ್ಲ. ಸಿಕ್ಕಿಬಿದ್ದರೆ ತಮ್ಮನ್ನು ಬೈಯುತ್ತಾರೆ, ಬೇಲಿ ಭದ್ರ ಮಾಡುತ್ತಾರೆ, ಕೆಂಪಿಯನ್ನು ನೋಡುವುದು ತಪ್ಪುತ್ತದೆ ಎಂದಷ್ಟೇ ಎಣಿಸಿ ಬಾಯಿ ಮುಚ್ಚಿಕೊಂಡಿದ್ದರು. ಏಟು ಇನ್ನೊಬ್ಬರ ಮೇಲೆ ಬೀಳುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಮುದುಕರೂ ತಲೆ ತಗ್ಗಿಸಿದರು. ಅಜ್ಜಿ ಮಾತ್ರ ತಗ್ಗಿಸಲಿಲ್ಲ.

"ಎತ್ರಲಾ! ನೆಟ್ಗೆ ಆಪೀಸ್‌ಗೆ ನಡೀರಿ. ಈವತ್ತು ಕುಣ್ಸ್‌ಬ್ಯಾಡಿ."

"ಒಂಚೂರು ತಡೀರಜ್ಜಿ," ಎಂದರು ನರ್ಸಮ್ಮ. "ಉಪ್ಪು ಉಳ್ದೈತಾ?"

ಅವರು ರವಿಕೆಯ ತೋಳು ಮೇಲೆತ್ತಿ, ಉಪ್ಪು ಸವರಿಕೊಂಡು, ಕೆಂಪಿಯ ಮುಂದೆ ಕೈ ಚಾಚಿ ಕೂತರು. ಹಸುವಿಗೆ ಬೇಸರ ಬರುವವರೆಗೂ ಕೂತರು. ನಡುನಡುವೆ ತೆಲುಗಿನಲ್ಲಿ ದೇವರನ್ನು ಕರೆದರು.

ಆ ಮೆರವಣಿಗೆ ಛತ್ರದ ಮುಂಬಾಗಿಲಿಂದಲೇ ಒಳಗೆ ಹೋಯಿತು. ಮ್ಯಾನೇಜರು ಕಣ್ಣುಜ್ಜಿಕೊಂಡು ಎದ್ದು ನಿಂತರು. ಅವರ ಮೇಜಿನ ಮುಂದೆ ಜೋಲಿ ಇಳಿಯಿತು. ತಿಮ್ಮರಾಯಜ್ಜ ಹೆಗಲು ತಿರುಗಿಸಿ ತೋರಿಸಿದ, ಉಳಿದ ಮೂವರೂ ತೋರಿಸಿದರು. ಅಜ್ಜಿ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ನರ್ಸಮ್ಮ ತಮ್ಮ ಕೈ ಇಟ್ಟರು. ಅದೇ ಕೆಂಪು, ಅದೇ ತರಚು.

"ನೋಡಿ ಸಾರ್. ಇದನ್ನ ಯಾವ ಆಯಾ ಉಜ್ಜಿದ್ಳು?"

"ಹಸ ಸಾಮಿ, ನನ್ ಹಸ," ಎಂದಳು ಅಜ್ಜಿ. "ಈ ಹುಡ್ಗಿ ನನ್ನ ಮಗೀನಂಗೆ ತೊಳೀತಾಳೆ. ಇವಳ್ನ ಕಳುಸಿದ್ರೆ ನನ್ನೂ ಇದೇ ಜೋಲೀಲಿ ಕಳುಸ್‌ಬುಡಿ. ಹೊರೋಕೆ ಜನ ಅವ್ರೆ."

ಮ್ಯಾನೇಜರು ಬಹಳ ಹೊತ್ತು ಮೂರು ಕೈಗಳನ್ನೂ ನೋಡಿದರು. ಆಮೇಲೆ ಮೇಜು ಸುತ್ತಿ ನಾನು ನಿಂತಿದ್ದ ಬಾಗಿಲ ಹತ್ತಿರ ಬಂದು, ಎಲ್ಲರ ಎದುರಿಗೆ, "ತಪ್ಪಾಯ್ತಮ್ಮ," ಎಂದರು. ಅಷ್ಟು ಹೇಳಿ ಕುರ್ಚಿಗೆ ಮರಳುವಷ್ಟರಲ್ಲಿ ಮತ್ತೆ ಮ್ಯಾನೇಜರಾಗಿ, "ಆದ್ರೆ ಬೇಲಿ ದಾಟೋದು ಮಾತ್ರ..." ಎಂದು ಶುರು ಮಾಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ಬಂದ ಧರ್ಮದರ್ಶಿಗಳಿಗೆ ಮ್ಯಾನೇಜರೇ ಎಲ್ಲವನ್ನೂ ಹೇಳಿದರು. ಅವರಲ್ಲಿ ಹಿರಿಯರೊಬ್ಬರು ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದು, ಹಸುವನ್ನು ಛತ್ರದ ಹಿತ್ತಿಲಲ್ಲೇ ಮೇಯಲು ಬಿಡಬಾರದೇಕೆ ಎಂದರು. ಅಜ್ಜಿಯ ತಮ್ಮನ ಮಗ ಒಪ್ಪಿದ. ಅಜ್ಜಿಯ ತೋಳಿಗೆ ನಾನು ಹಳೆ ಸೀರೆಯಲ್ಲಿ ಉದ್ದನೆಯ ತೋಳುಚೀಲ ಹೊಲಿದುಕೊಟ್ಟೆ. ಎಲ್ಲ ಸುಖವಾಯಿತು ಎಂದುಕೊಂಡೆವು.

ಆದರೆ ನಾಲ್ಕು ಮುದುಕರ ಮುಖ ಬಾಡಿತು. ಹಸುವೇ ಮನೆಗೆ ಬಂದ ಮೇಲೆ ಹೊರಲು ಏನಿದೆ? ತಿಮ್ಮರಾಯಜ್ಜ ಎರಡು ದಿನ ಮಂಚ ಬಿಟ್ಟು ಏಳಲಿಲ್ಲ. ನರ್ಸಮ್ಮನಿಗೆ ರೋಗ ಗೊತ್ತಾಯಿತು. "ಹಾಲಿಂದ ಹಿತ್ತಿಲ ಬಾವಿ ತನಕ ಅಜ್ಜೀನ ಯಾರು ಕರ್ಕೊಂಡ್ ಹೋಗ್ತಾರೆ? ನಂಗೆ ಆಗಲ್ಲಪ್ಪ," ಎಂದರು. ಮುದುಕ ಎದ್ದು ಕೂತ. ನರ್ಸಮ್ಮನದು ಒಂದೇ ಕರಾರು, ಹೆಗಲಿಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟುಕೊಳ್ಳಬೇಕು.

"ಅದು ಮಾತ್ರ ಆಗಾಕಿಲ್ಲ. ದ್ಯಾವ್ರನ್ನ ಹೊರೋವಾಗ ಸಿಂಬಿ ಇಕ್ಕಾಕಿಲ್ಲ. ಬರಿ ಹೆಗ್ಲೇ."

"ಅಜ್ಜಿ ದ್ಯಾವ್ರಾ?"

"ಹೊತ್ ಮ್ಯಾಕೆ ಯಾರಾದ್ರೂ ದ್ಯಾವ್ರೇ ಕಣಮ್ಮ."

"ಸರಿ ಹಂಗಾದ್ರೆ, ನಾನೂ ಒಂದ್ ಕಡೆ ಹೆಗ್ಲು ಕೊಡ್ತೀನಿ. ಬರಿ ಹೆಗ್ಲೇ," ಎಂದು ನರ್ಸಮ್ಮ ಗಳದ ಹತ್ತಿರ ಬಂದು ನಿಂತರು. ಹೆಂಗಸು ಪಲ್ಲಕ್ಕಿಗೆ ಹೆಗಲು ಕೊಡುವುದೇ? ಮುದುಕ ಬೆಚ್ಚಿಬಿದ್ದು ಸಿಂಬಿ ತೆಗೆದುಕೊಂಡ. ಅಂದಿನಿಂದ ದಿನವೂ ಮಧ್ಯಾಹ್ನ ಪಲ್ಲಕ್ಕಿ ಹೊರಡುತ್ತಿತ್ತು. ಹಾಲಿನಿಂದ ಬಾವಿಗೆ ಇರುವ ಅಷ್ಟು ದೂರವನ್ನು ಅವರು ಎಷ್ಟು ಕುಣಿಸುತ್ತಿದ್ದರೆಂದರೆ, ತಲುಪುವಷ್ಟರಲ್ಲಿ ಕೆಂಪಿಗೆ ಸಾಕಾಗಿ ಅದೇ ಎದುರು ಬಂದುಬಿಡುತ್ತಿತ್ತು.

ಯುದ್ಧ ಮುಗಿಯಿತು. ನನ್ನವರು ಬಂದರು. ಊರವರು ಅವರಿಗೆ ಮೊದಲು ಹೇಳಿದ ಸುದ್ದಿ ಈ ಪಲ್ಲಕ್ಕಿಯದೇ. ಅಜ್ಜಿ ಹೋದಳು, ತಿಮ್ಮರಾಯಜ್ಜ ಹೋದ. ನರ್ಸಮ್ಮನಿಗೆ ಕಾಯಿಲೆ ಬಂದು ಕೆಲಸ ಬಿಟ್ಟು, ಹೊಸೂರಿನಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡರು. ಅವರ ಅಕ್ಕನ ಮಗಳು ಜೊತೆಗಿದ್ದಳು. ಈ ವರ್ಷ ಅವರ ಕಾಲೂ ನಿಂತುಹೋಯಿತು. ನಾನು ಆಗಾಗ ಹೋಗುತ್ತಿದ್ದೆ. ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಹೊರಗೆ ನಿಂತು ಸಿಳ್ಳೆ ಹಾಕಲು ನೋಡುತ್ತಿದ್ದೆ. ಅವರು ವರ್ಷಗಟ್ಟಲೆ ಕಲಿಸಿದರೂ ನನಗೆ ಬರಿ ಗಾಳಿ ಬರುತ್ತಿತ್ತು. ಒಳಗಿನಿಂದ, "ಯಾರೋ ಒಲೆ ಊದ್ತಾವ್ರೆ. ಬಾರೇ ಒಳಗೆ," ಎನ್ನುತ್ತಿದ್ದರು.

ಅವರಿಗೆ ಬೀದಿ ನೋಡುವ ಆಸೆ. ಒಂದು ಕುರ್ಚಿಗೆ ಬಿದಿರು ಕಟ್ಟಿ, ಮುಂದೆ ನಾನು, ಹಿಂದೆ ಅಕ್ಕನ ಮಗಳು, ಕೊನೆಯ ದಿನಗಳಲ್ಲಿ ಅವರನ್ನು ಹೊತ್ತು ಬೀದಿಯ ತುದಿಯ ಕಟ್ಟೆಯವರೆಗೆ ಕರೆದೊಯ್ಯುತ್ತಿದ್ದೆವು.

"ಹೆಗ್ಲಿಗೆ ಏನಾದ್ರೂ ಇಟ್ಕೊಳ್ಳೇ," ಎಂದರು.

"ದ್ಯಾವ್ರನ್ನ ಹೊರೋವಾಗ ಇಟ್ಕಳಾಕಿಲ್ಲ ಅಕ್ಕ."

"ಥೂ, ಇಷ್ಟು ದಪ್ಪ ದ್ಯಾವ್ರು ಎಲ್ಲೈತೆ?" ಎಂದು ನಕ್ಕರು. ನಗುತ್ತಲೇ, "ನೆಟ್ಟಗೆ ಯಾಕೆ ಹೋಗ್ತೀರೇ, ಒಂಚೂರು ಕುಣ್ಸಿ," ಎಂದರು. ನಾವು ಕುಣಿಸಿದೆವು. ಮುಂದೆ ಎರಡು ಹೆಜ್ಜೆ, ಹಿಂದೆ ಒಂದು. ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ನರ್ಸಮ್ಮ ಮೇಲಿಂದ ಸಿಳ್ಳೆ ಹಾಕಿದರು, ಸಣ್ಣದು, ಮೆಟ್ಟಿಲು ಹತ್ತುವಾಗ ಹಾಕುತ್ತಿದ್ದಂಥದ್ದು.

ಅದಾದ ನಾಲ್ಕನೆಯ ದಿನ ಅವರು ಹೋದರು. ಮಣ್ಣು ಮಾಡಿ ಮನೆಗೆ ಬಂದು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದಾಗ ನನ್ನವರು ನನ್ನ ಹೆಗಲು ನೋಡಿದರು.

"ಏನೇ ಇದು? ಯಾರ್ ಹೊಡುದ್ರು?"

"ಬಾಗ್ಲು ತಗುಲ್ತು," ಎಂದೆ.

ನಮ್ಮ ಮನೆಯ ಬಾಗಿಲು ಹೆಗಲಿಗೆ ತಗಲುವ ಹಾಗಿಲ್ಲವೆಂದು ಅವರಿಗೂ ಗೊತ್ತು.

ಈಗ ಆ ನೀಲಿ ಹಳದಿಗೆ ತಿರುಗಿದೆ. ಸೆರಗು ಸರಿಮಾಡಿಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡುತ್ತೇನೆ. ಇನ್ನೂ ಸ್ವಲ್ಪ ನೋಯುತ್ತದೆ.